ನಕ್ಷತ್ರಕ್ಕೆ ಜಾತಿ ಇದೆಯಾ? ಥೆಲೆಮಾ ಓದುವವರಿಗೆ ಒಂದು ಟಿಪ್ಪಣಿ

ಮುಂಬಯಿಯ ಮಾಟುಂಗಾದಲ್ಲಿ ನಾವು ಕೆಲವು ಕನ್ನಡಿಗರು ಸೇರಿ ಥೆಲೆಮಾ ಎಂಬ ಆಧ್ಯಾತ್ಮಿಕ ಪಂಥದ ಬರಹಗಳನ್ನು ಓದುತ್ತೇವೆ. ಅಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಪ್ರತಿಯೊಬ್ಬರಿಗೂ ಅವರದೇ ದಾರಿ ಇದೆ ಅನ್ನುತ್ತದೆ ಥೆಲೆಮಾ. ಜಾತಿಯೂ ಅದನ್ನೇ ತಾನೇ ಹೇಳೋದು? ಹಾಗಾದರೆ ಎರಡಕ್ಕೂ ಚೆನ್ನಾಗಿ ಹೊಂದಬೇಕಲ್ವಾ? ಹೊಂದುವುದಿಲ್ಲ ಅಂತ ನನ್ನ ಅನಿಸಿಕೆ. ಆದರೆ ಈ ವಾದ ಒಂದೇ ಏಟಿಗೆ ಬೀಳುವಂಥದ್ದಲ್ಲ.

ಹೊಸಬರಿಗೆ ಎರಡು ಮಾತು. ಥೆಲೆಮಾದ ಮೂಲ ಪಠ್ಯ ‘ಬುಕ್ ಆಫ್ ದಿ ಲಾ’. ಇಂಗ್ಲೆಂಡಿನ ಅಲಿಸ್ಟರ್ ಕ್ರೌಲಿ 1904ರ ಏಪ್ರಿಲ್ 8, 9, 10ರಂದು ಕೈರೋದಲ್ಲಿ ದಿನಕ್ಕೊಂದು ಅಧ್ಯಾಯದಂತೆ ಇದನ್ನು ಬರೆದ. ಐವಾಸ್ ಎಂಬ ಶಕ್ತಿ ಹೇಳಿತು, ತಾನು ಬರೆದುಕೊಂಡೆ ಅನ್ನುತ್ತಾನೆ. ಪ್ರತಿ ಗಂಡೂ ಪ್ರತಿ ಹೆಣ್ಣೂ ಒಂದು ನಕ್ಷತ್ರ ಅನ್ನುವುದು ಮೊದಲ ಅಧ್ಯಾಯದ ಮಾತು. ನಕ್ಷತ್ರ ಅಂದಮೇಲೆ ಅದಕ್ಕೊಂದು ಸ್ವಂತ ಹಾದಿ. ಆ ಹಾದಿಯೇ ಆ ಮನುಷ್ಯನ ನಿಜವಾದ ಸಂಕಲ್ಪ. ‘ಏನು ಬೇಕಾದರೂ ಮಾಡು’ ಅಂತ ಸುಮ್ನೆ ಬಿಟ್ಟಿದ್ದಲ್ಲ. ನಿನ್ನ ಸಂಕಲ್ಪ ನಡೆಸುವುದು ಬಿಟ್ಟರೆ ನಿನಗೆ ಬೇರೆ ಹಕ್ಕೇ ಇಲ್ಲ ಅಂತ ಅದೇ ಅಧ್ಯಾಯ ಹೇಳುತ್ತದೆ.

ಇಲ್ಲಿಂದ ಗೀತೆಗೆ ಹಾರುವುದು ನಮ್ಮವರಿಗೆ ಸಲೀಸು. ಕೊರತೆಯಿದ್ದರೂ ಸ್ವಧರ್ಮವೇ ಮೇಲು ಅನ್ನುವ ಮಾತು 3ನೇ ಅಧ್ಯಾಯದಲ್ಲೂ ಇದೆ, 18ರಲ್ಲೂ ಇದೆ. ಅದರ ಪಕ್ಕದಲ್ಲಿ ಕ್ರೌಲಿಯ ಪಠ್ಯದ ಎರಡನೇ ಅಧ್ಯಾಯದ 58ನೇ ವಚನ ಇಟ್ಟರೆ ಮುಗಿಯಿತು. ನೀವು ಇದ್ದ ಹಾಗೇ ಇರುತ್ತೀರಿ, ರಾಜರು ಎಂದೆಂದಿಗೂ ರಾಜರು, ಗುಲಾಮರು ಸೇವೆ ಮಾಡುತ್ತಾರೆ ಅನ್ನುತ್ತದೆ ಅದು. ಜಾತಿಗೆ ಇದಕ್ಕಿಂತ ಒಳ್ಳೆ ಸರ್ಟಿಫಿಕೇಟ್ ಎಲ್ಲಿ ಸಿಗುತ್ತದೆ?

ಆದರೆ ಅದೇ ವಚನವನ್ನು ಮುಂದಕ್ಕೆ ಓದಿ. ಅಗೋ ಆ ಭಿಕ್ಷುಕನೇ ರಾಜನಿರಬಹುದು, ರಾಜ ತನಗೆ ಬೇಕಾದ ಬಟ್ಟೆ ತೊಡಬಹುದು, ಖಚಿತವಾದ ಪರೀಕ್ಷೆ ಯಾವುದೂ ಇಲ್ಲ ಅಂತ ಮುಂದುವರಿಯುತ್ತದೆ. ನನಗೆ ಇಡೀ ಚರ್ಚೆಯ ಕೀಲಿ ಇಲ್ಲೇ ಇದೆ ಅನ್ನಿಸುತ್ತದೆ. ಯಾರು ರಾಜ, ಯಾರು ಗುಲಾಮ ಅಂತ ಹೊರಗಿನಿಂದ ಹೇಳಲಿಕ್ಕೆ ಆಗುವುದಿಲ್ಲ. ಜಾತಿ ನಿಂತಿರುವುದೇ ಹೇಳಲಿಕ್ಕೆ ಆಗುತ್ತದೆ ಅನ್ನುವುದರ ಮೇಲೆ. ಅದೂ ಮಗು ಹುಟ್ಟಿದ ಕೂಡಲೇ, ಅಪ್ಪ ಯಾರು ಅಂತ ಕೇಳಿ. ಏಣಿ ಇದೆಯೋ ಇಲ್ಲವೋ ಅನ್ನುವುದಲ್ಲ ಇವೆರಡರ ಜಗಳ. ಯಾರು ಯಾವ ಮೆಟ್ಟಿಲಲ್ಲಿ ಅಂತ ಗೊತ್ತುಮಾಡುವವರು ಯಾರು ಅನ್ನುವುದು ಜಗಳ.

ಹಾಗಂತ ಕ್ರೌಲಿಯನ್ನು ಸಮಾನತೆಯ ಹರಿಕಾರ ಮಾಡಬೇಡಿ. ಅವನಿಗೆ ಪ್ರಜಾಪ್ರಭುತ್ವದ ಮೇಲೆ ಅಂಥ ಗೌರವ ಇರಲಿಲ್ಲ. ಅವನು ಮುನ್ನಡೆಸಿದ, ಹಂತ ಹಂತವಾಗಿ ದೀಕ್ಷೆ ಕೊಡುವ ಓ.ಟಿ.ಓ. (ಆರ್ಡೊ ಟೆಂಪ್ಲಿ ಓರಿಯೆಂಟಿಸ್) ಸಂಸ್ಥೆಯಲ್ಲಿ ಮೆಟ್ಟಿಲ ಮೇಲೆ ಮೆಟ್ಟಿಲು. ಆದರೆ ವಯಸ್ಕರಾದ, ಸ್ವತಂತ್ರರಾದ, ಒಳ್ಳೆ ಹೆಸರಿರುವ ಯಾವ ಗಂಡಿಗೂ ಹೆಣ್ಣಿಗೂ ಮೂರನೇ ಹಂತದವರೆಗೆ ಹೋಗುವ ಹಕ್ಕಿದೆ ಅಂತ ಅದರ ನಿಯಮವೇ ಹೇಳುತ್ತದೆ. ಕುಲ ಕೇಳುವುದಿಲ್ಲ.

ಈಗ ‘ಲಿಬರ್ ಓಝ್’. 1940ರ ದಶಕದ ಆರಂಭದಲ್ಲಿ ಕ್ರೌಲಿ ಹೊರತಂದ ಒಂದೇ ಪುಟದ ಹಕ್ಕುಗಳ ಪಟ್ಟಿ. ಬೇಕಾದ ಕೆಲಸ ಮಾಡುವ ಹಕ್ಕು, ಬೇಕಾದ್ದು ತಿನ್ನುವ, ಕುಡಿಯುವ ಹಕ್ಕು, ಬೇಕಾದಲ್ಲಿ ವಾಸಿಸುವ, ಬೇಕಾದ ಬಟ್ಟೆ ತೊಡುವ, ಬೇಕಾದವರನ್ನು ಪ್ರೀತಿಸುವ ಹಕ್ಕು. ಇದನ್ನು ಓದುವಾಗ ಜಾತಿ ಏನೇನನ್ನು ಕಾಯುತ್ತದೆ ಅಂತ ಜೊತೆಗೇ ನೆನೆಸಿಕೊಳ್ಳಿ. ಕಸುಬು, ಊಟ, ಕೇರಿ, ಉಡುಪು, ಮದುವೆ. ಒಂದೊಂದಾಗಿ ತಾಳೆಯಾಗುತ್ತದೆ, ತಿರುಗಾಮುರುಗಾ. ಹಳೇ ಕಾಲದ ಮಾತು ಅನ್ನಬೇಡಿ. ಮುಂಬಯಿಯಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು, ಬ್ರೋಕರ್ ಮೊದಲು ಕೇಳುವುದು ಸರ್‌ನೇಮ್, ಆಮೇಲೆ ‘ನಾನ್‌ವೆಜ್ ತಿಂತೀರಾ?’ ಬಜೆಟ್ ಎಷ್ಟು ಅನ್ನುವುದು ಆಮೇಲಿನ ಮಾತು. (ಆ ಪುಟದಲ್ಲೂ ‘ಗುಲಾಮರು ಸೇವೆ ಮಾಡುತ್ತಾರೆ’ ಅನ್ನುವ ಸಾಲನ್ನು ಕ್ರೌಲಿ ಸೇರಿಸಿದ್ದಾನೆ. ಈ ಹಕ್ಕುಗಳಿಗೆ ಅಡ್ಡ ಬಂದವರನ್ನು ಕೊಲ್ಲುವ ಹಕ್ಕಿನ ಪಕ್ಕದಲ್ಲೇ. ಇದು ಇರಿಸುಮುರಿಸಿನ ಜಾಗ, ಮುಚ್ಚಿಟ್ಟುಕೊಂಡು ಓದಬೇಡಿ.)

ಗೀತೆಯ ಪಕ್ಷದವರು ಇಲ್ಲಿ ಹೇಳುವುದು: ಹುಟ್ಟಿನಿಂದಲ್ಲ, ಗುಣ ಮತ್ತು ಕರ್ಮದಿಂದ ವರ್ಣ. ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ಇದ್ದ ಅಂಬೇಡ್ಕರ್ ಅವರಲ್ಲಿದೆ. ಭಾಷಣಕ್ಕೆ ಕರೆದಿದ್ದ ಲಾಹೋರಿನ ಜಾತಿವಿರೋಧಿ ಸಂಘದವರು ಸಭೆ ರದ್ದು ಮಾಡಿದ ಮೇಲೆ 1936ರಲ್ಲಿ ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದ ‘ಅನಿಹಿಲೇಷನ್ ಆಫ್ ಕಾಸ್ಟ್’ ಭಾಷಣದಲ್ಲಿ ಅವರು ಕೇಳುತ್ತಾರೆ: ಗುಣವೇ ಆಧಾರವಾದರೆ ಬ್ರಾಹ್ಮಣ, ಶೂದ್ರ ಎಂಬ ಹಳೇ ಹೆಸರು ಯಾಕೆ ಬೇಕು? ಜಾತಿ ಕೆಲಸವನ್ನಲ್ಲ, ಕೆಲಸಗಾರರನ್ನೇ ಹಂಚುತ್ತದೆ, ಅಲ್ಲಿ ವ್ಯಕ್ತಿಯ ಆಯ್ಕೆಗೆ ಜಾಗವಿಲ್ಲ ಅನ್ನುತ್ತಾರೆ. ಜನರನ್ನು ಕೆಲವೇ ವರ್ಗಗಳಿಗೆ ತುರುಕಿದ ಪ್ಲೇಟೋಗೆ ಪ್ರತಿ ವ್ಯಕ್ತಿಯೂ ಬೇರೆ ಅನ್ನುವುದು ಕಾಣಲಿಲ್ಲ ಅಂತಲೂ ಟೀಕಿಸುತ್ತಾರೆ. ಅಂಬೇಡ್ಕರ್ ಅವರಿಗೂ ಥೆಲೆಮಾಕ್ಕೂ ಸಂಬಂಧವಿಲ್ಲ. ಆದರೂ ಈ ಮಾತು ನಕ್ಷತ್ರದ ವಚನಕ್ಕೆ ಎಷ್ಟು ಹತ್ತಿರ, ನೋಡಿ. ನಾಲ್ಕು ಡಬ್ಬಿಯಲ್ಲಿ ನಕ್ಷತ್ರ ತುಂಬಿಸಲಿಕ್ಕೆ ಆಗುವುದಿಲ್ಲ.

ಚೋಖಾಮೇಳಾ ಜಾತಿಯ ಒಳಗಿದ್ದೇ ಸಾಧಿಸಲಿಲ್ಲವೇ ಅಂತ ಯಾರಾದರೂ ಕೇಳುತ್ತಾರೆ. ಸಾಧಿಸಿದರು. ಮಂಗಳವೇಡೆಯ ಸಂತರು ಅವರು, ಅಸ್ಪೃಶ್ಯರು ಅಂತ ದೂರ ಇಟ್ಟಿದ್ದ ಮಹಾರ್ ಜಾತಿಯವರು. ಅವರ ಸಮಾಧಿ ಪಂಢರಪುರದಲ್ಲಿ ವಿಠ್ಠಲನ ಗುಡಿಯ ಮೆಟ್ಟಿಲ ಹತ್ತಿರ, ಹೊರಗೆ. ಅವರ ಜನಕ್ಕೆ ಆ ಗುಡಿಯ ಬಾಗಿಲು ತೆರೆದದ್ದು 1947ರಲ್ಲಿ, ಮರಾಠಿ ಲೇಖಕ ಸಾನೆ ಗುರೂಜಿ ಉಪವಾಸ ಕೂತ ಮೇಲೆ. ಒಬ್ಬರು ಗೋಡೆ ಹಾರಿದರು ಅಂತ ಗೋಡೆ ಒಳ್ಳೇದು ಅನ್ನುವುದು ಯಾವ ನ್ಯಾಯ?

ನನಗೆ ಇದಕ್ಕಿಂತ ಕಷ್ಟ ಅನ್ನಿಸುವುದು ನಮ್ಮದೇ ಉದಾಹರಣೆ. ಊರಿನಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರಿಗೆ ಈ ನಗರದಲ್ಲಿ ಕನ್ನಡ ರಾತ್ರಿ ಶಾಲೆಗಳು ನಡೆದವು. ಕೆಲವನ್ನು ನಡೆಸಿದ್ದು ಜಾತಿ ಸಂಘಗಳೇ. ಲೋಟ ತೊಳೆಯುತ್ತಿದ್ದ ಹುಡುಗನಿಗೆ ಬೇರೆ ಹಾದಿ ಇದೆ ಅಂತ ತೋರಿಸಿದ್ದು ಅವು. ಇದನ್ನು ಥೆಲೆಮಾದ ಕಣ್ಣಿನಿಂದಲೂ ಅಲ್ಲಗಳೆಯಲಾಗದು. ಆದರೆ ಅಲ್ಲಿ ಆದದ್ದು ಹುಟ್ಟಿನ ಕೆಲಸದಿಂದ ಬಿಡುಗಡೆ, ಹುಟ್ಟಿನ ಕೆಲಸಕ್ಕೆ ವಾಪಸ್ ಕಳಿಸುವುದಲ್ಲ. ಮತ್ತೆ ಅದೇ ಸಂಘಗಳು ವಧೂವರರ ಸಮಾವೇಶ ಮಾಡುವಾಗ ‘ಓಝ್’ ಪುಟದ ನಾಲ್ಕನೇ ಕಲಮು ತೆಗೆದು ಓದಿ. ಯಾರನ್ನು, ಎಲ್ಲಿ, ಯಾವಾಗ ಪ್ರೀತಿಸಬೇಕು ಅನ್ನುವುದು ನಿನ್ನ ಸಂಕಲ್ಪಕ್ಕೆ ಬಿಟ್ಟದ್ದು ಅನ್ನುತ್ತದೆ ಅದು.