ಸ್ಟೀವನ್‌ಸನ್ ಮತ್ತು ಸಾವೋನ್ ಎದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು?

ಪ್ರಶ್ನೆ: ಕ್ಯೂಬಾದ ಬಾಕ್ಸರ್‌ಗಳಾದ ತಿಯೋಫಿಲೋ ಸ್ಟೀವನ್‌ಸನ್, ಫೆಲಿಕ್ಸ್ ಸಾವೋನ್ ಇಬ್ಬರೂ ಹೆವಿವೇಟ್‌ನಲ್ಲಿ ಮೂರು ಮೂರು ಒಲಿಂಪಿಕ್ ಚಿನ್ನ ಗೆದ್ದವರು. ತಮ್ಮ ತಮ್ಮ ಉತ್ತಮ ಕಾಲದಲ್ಲಿ ಇಬ್ಬರೂ ಒಂದೇ ರಿಂಗ್‌ಗೆ ಇಳಿದಿದ್ದರೆ ಯಾರ ಕೈ ಮೇಲಾಗುತ್ತಿತ್ತು?

ಉತ್ತರ: ಯಾವ ಕಾಲದ ನಿಯಮದಲ್ಲಿ ಆಡಿಸುತ್ತೀರಿ ಅನ್ನೋದನ್ನು ಮೊದಲು ಹೇಳಿ. 1972ರ ನಿಯಮವಾದರೆ ಸ್ಟೀವನ್‌ಸನ್, 1996ರದ್ದಾದರೆ ಸಾವೋನ್. ಇದು ಜಾರಿಕೊಳ್ಳುವ ಉತ್ತರವಲ್ಲ. ಇವರ ವಿಷಯದಲ್ಲಿ ನಿಯಮವೇ ಅರ್ಧ ಪಂದ್ಯ.

ಸ್ಟೀವನ್‌ಸನ್ ಗೆದ್ದದ್ದು 1972, 1976, 1980ರಲ್ಲಿ. ಆಗ ತಲೆಗೆ ರಕ್ಷಣೆ ಕೊಡುವ ಹೆಡ್‌ಗಾರ್ಡ್ ಇರಲಿಲ್ಲ. ಮೂರು ನಿಮಿಷದ ಮೂರು ಸುತ್ತು, ಐವರು ತೀರ್ಪುಗಾರರು, ಅಂಕ ಬರೆಯಲು ಅವರ ಕೈಯಲ್ಲಿ ಕಾಗದ. ಆತನ ಆಟ ನೋಡಿದವರಿಗೆ ಗೊತ್ತು, ಅವಸರವೇ ಇಲ್ಲ. ಎಡಗೈ ಮುಂದೆ ಚಾಚಿ ಎದುರಾಳಿಯನ್ನು ದೂರದಲ್ಲೇ ಇಟ್ಟುಕೊಂಡು ಕಾಯುತ್ತಿದ್ದ. ಸಂದು ಸಿಕ್ಕ ಕೂಡಲೇ ಬಲಗೈ ನೇರವಾಗಿ ಬರುತ್ತಿತ್ತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಡ್ವೇನ್ ಬೊಬಿಕ್‌ಗೆ ಆದದ್ದು ಇದೇ. ಹಿಂದಿನ ವರ್ಷವಷ್ಟೇ ಪ್ಯಾನ್ ಅಮೆರಿಕನ್ ಕೂಟದಲ್ಲಿ ಸ್ಟೀವನ್‌ಸನ್‌ನನ್ನು ಸೋಲಿಸಿದ್ದವನು ಬೊಬಿಕ್. ಎರಡನೇ ಸುತ್ತಿನಲ್ಲಿ ಚೆನ್ನಾಗಿಯೇ ಆಡಿದ. ಮೂರನೇ ಸುತ್ತಿನಲ್ಲಿ ಮತ್ತೆ ಮತ್ತೆ ನೆಲಕ್ಕೆ ಬಿದ್ದ, ಪಂದ್ಯವನ್ನೇ ನಿಲ್ಲಿಸಬೇಕಾಯಿತು.

ಸಾವೋನ್ ಗೆದ್ದದ್ದು 1992, 1996, 2000ದಲ್ಲಿ. ಆ ಹೊತ್ತಿಗೆ ಆಟದ ಲೆಕ್ಕಾಚಾರವೇ ಬದಲಾಗಿತ್ತು. ತಲೆಗೆ ಹೆಡ್‌ಗಾರ್ಡ್ ಬಂದಿತ್ತು, ತೀರ್ಪುಗಾರರ ಮುಂದೆ ಬಟನ್ ಇತ್ತು. ಹೊಡೆತ ಸರಿಯಾಗಿ ತಗುಲಿದಾಗ ಐವರಲ್ಲಿ ಮೂವರು ಒಂದು ಸೆಕೆಂಡಿನೊಳಗೆ ಒತ್ತಿದರೆ ಒಂದು ಅಂಕ. ಎದುರಾಳಿ ನೆಲಕ್ಕೆ ಬಿದ್ದರೂ ಅದಕ್ಕೆ ಬೇರೆ ಅಂಕವಿಲ್ಲ! ಕಾಯುತ್ತಾ ಕೂತವನಿಗೆ ಇಲ್ಲಿ ನಷ್ಟ ಜಾಸ್ತಿ. ಸಾವೋನ್‌ಗೂ ಬಲಗೈಯೇ ದೊಡ್ಡ ಆಯುಧ. ಆದರೆ ಅವನು ಅಂಕ ಕೂಡಿಸುವುದನ್ನೂ ಕರಗತ ಮಾಡಿಕೊಂಡಿದ್ದ. 1996ರ ಅಟ್ಲಾಂಟಾ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೆನಡಾದ ಡೇವಿಡ್ ಡೆಫಿಯಾಗ್ಬನ್ ಎದುರು 20-2, ಅಂದರೆ ಎದುರಾಳಿಗೆ ಆಡಲು ಜಾಗವನ್ನೇ ಕೊಡಲಿಲ್ಲ.

ಸೋಲುಗಳಿಂದ ಏನಾದರೂ ತಿಳಿಯುತ್ತಾ? ನನಗೆ ತುಂಬಾ ಇಷ್ಟವಾದ ಭಾಗ ಇದು. ಸ್ಟೀವನ್‌ಸನ್‌ನನ್ನು ಎರಡು ಸಲ ಸೋಲಿಸಿದವನು ಸೋವಿಯತ್ ಒಕ್ಕೂಟದ ಇಗೋರ್ ವಿಸೋಟ್‌ಸ್ಕಿ. 1973ರಲ್ಲಿ ಅಂಕಗಳ ಮೇಲೆ, 1976ರಲ್ಲಿ ಹೊಡೆದು ಕೆಡವಿ. ಒಲಿಂಪಿಕ್ಸ್‌ಗೆ ಒಮ್ಮೆಯೂ ಹೋಗದ ಈ ವಿಸೋಟ್‌ಸ್ಕಿ ಸ್ಟೀವನ್‌ಸನ್‌ಗಿಂತ ಗಿಡ್ಡ, ಆದರೆ ಹಿಂದೆ ಸರಿಯದೆ ಒಳನುಗ್ಗುವವನು. ಸಾವೋನ್‌ನನ್ನು 1997ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಸೋಲಿಸಿದ ಉಜ್ಬೇಕಿಸ್ತಾನದ ರುಸ್ಲಾನ್ ಚಗಾಯೆವ್ ಕೂಡ ಅವನಿಗಿಂತ ಗಿಡ್ಡ, ಅದರ ಮೇಲೆ ಎಡಚ. (ವೃತ್ತಿಪರ ಪಂದ್ಯ ಆಡಿದ್ದಕ್ಕೆ ಆಮೇಲೆ ಚಗಾಯೆವ್‌ನ ಪದಕ ಹೋಗಿ, ಚಿನ್ನ ಸಾವೋನ್ ಪಾಲಾಯಿತು.) ಈ ಇಬ್ಬರು ಎತ್ತರದವರನ್ನು ಕಾಡುತ್ತಿದ್ದುದು ಹತ್ತಿರ ಬಂದು ಹೊಡೆಯುವವರು. ಆದರೆ ಸ್ಟೀವನ್‌ಸನ್, ಸಾವೋನ್ ಇಬ್ಬರೂ ಹಾಗೆ ಆಡುವವರಲ್ಲ. ಹಾಗಾಗಿ ಒಬ್ಬನ ದೌರ್ಬಲ್ಯ ಇನ್ನೊಬ್ಬನ ಉಪಯೋಗಕ್ಕೆ ಬರುತ್ತಿರಲಿಲ್ಲ.

ತೂಕದ ಮಾತೂ ಇದೆ. ಸ್ಟೀವನ್‌ಸನ್ ಒಲಿಂಪಿಕ್ಸ್ ಆಡಿದ ಕಾಲದಲ್ಲಿ 81 ಕೆಜಿ ದಾಟಿದವರೆಲ್ಲ ಹೆವಿವೇಟ್. ಆಮೇಲೆ 91 ಕೆಜಿಗೆ ಗೆರೆ ಎಳೆದು, ಅದರ ಮೇಲಿನವರಿಗೆ ಸೂಪರ್ ಹೆವಿವೇಟ್ ಮಾಡಿದರು. ಆ ಗೆರೆಯಿಂದಾಗಿಯೇ 1986ರ ರೆನೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಬ್ಬರೂ ಒಂದೇ ತಂಡದಲ್ಲಿದ್ದು, ಇಬ್ಬರೂ ಚಿನ್ನ ಗೆದ್ದರೂ ಎದುರಾಗಲಿಲ್ಲ. ಸ್ಟೀವನ್‌ಸನ್‌ಗೆ ಆಗ 34, ಸಾವೋನ್‌ಗೆ 18. ಅಲ್ಲಿ ಎದುರಾಗಿದ್ದರೂ ಅದು ನೀವು ಕೇಳುವ ಪಂದ್ಯ ಆಗುತ್ತಿರಲಿಲ್ಲ ಬಿಡಿ.

ಹಳೆಯ ನಿಯಮದಲ್ಲಾದರೆ ಮೊದಲೆರಡು ಸುತ್ತು ಸಾವೋನ್‌ನದ್ದೇ ಆಗಬಹುದು. ಆದರೂ ಹೆಡ್‌ಗಾರ್ಡ್ ಇಲ್ಲದ ತಲೆಗೆ ಆ ಬಲಗೈ ಒಂದು ಸಲ ಸರಿಯಾಗಿ ತಗುಲಿದರೆ ಸಾಕು. ಒಂಬತ್ತು ನಿಮಿಷದಲ್ಲಿ ಅಂಥ ಒಂದು ಸಂದಾದರೂ ಸ್ಟೀವನ್‌ಸನ್‌ಗೆ ಸಿಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಬಟನ್ ಕಾಲದಲ್ಲಿ ಅದೇ ಹೊಡೆತಕ್ಕೆ ರೆಫರಿ ಎಂಟರವರೆಗೆ ಎಣಿಸಿ, ಸಾವೋನ್ ಎದ್ದು ನಿಂತರೆ ಸ್ಟೀವನ್‌ಸನ್ ಲೆಕ್ಕಕ್ಕೆ ಸೇರುತ್ತಿದ್ದುದು ಒಂದೇ ಅಂಕ.