ಸ್ಪೀಕರ್ ಬದಲಿಸುವ ಮೊದಲು ಸೌಂಡ್ ಎಲ್ಲಿ ನಿಂತಿದೆ ನೋಡಿ

ಬಳ್ಳಾರಿಯಲ್ಲಿ ಮೊಬೈಲ್ ರಿಪೇರಿ ಮಾಡುವ ನಮ್ಮಂಥವರಿಗೆ ಸ್ಪೀಕರಿನ ಜಾಲರಿ ನೋಡಿದರೆ ಸಾಕು, ಗಿರಾಕಿ ಏನು ಕೆಲಸ ಮಾಡುತ್ತಾರೆ ಅಂತ ತಿಳಿದುಬಿಡುತ್ತದೆ. ಕೌಲ್ ಬಜಾರ್ ಕಡೆಯಿಂದ ಬರುವ ಜೀನ್ಸ್ ಹೊಲಿಯುವವರ ಫೋನಿನಲ್ಲಿ ನೀಲಿ ನೂಲಿನ ಧೂಳು ಹತ್ತಿಯ ಹಾಗೆ ಒತ್ತಿಕೊಂಡು ಕೂತಿರುತ್ತದೆ. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರದ್ದಾದರೆ ಕಬ್ಬಿಣದ ಪುಡಿ. ರೈಸ್ ಮಿಲ್ಲಿನವರದ್ದಾದರೆ ತೌಡು. ಎಲ್ಲರೂ ಹೇಳುವ ಮಾತು ಮಾತ್ರ ಒಂದೇ: "ಅಣ್ಣಾ, ಸೌಂಡೇ ಬರವಲ್ದು. ಸ್ಪೀಕರ್ ಹೋಗೈತೆ, ಹೊಸದು ಹಾಕಿಬಿಡು."

ನಿಜವಾಗಿ ಸ್ಪೀಕರ್ ಸುಟ್ಟಿರುವ ಫೋನುಗಳು ಕಡಿಮೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಂದಿಲ್ಲ ಅಂದ ಮಾತ್ರಕ್ಕೆ ತುಂಗಭದ್ರಾ ಡ್ಯಾಮ್ ಬತ್ತಿದೆ ಅಂತ ಯಾರೂ ಹೇಳುವುದಿಲ್ಲ, ಎಲ್ಲಿ ಕಟ್ಟಿದೆ ಅಂತ ದಂಡೆ ಹಿಡಿದು ನೋಡುತ್ತಾ ಬರುತ್ತಾರೆ. ಫೋನಿಗೂ ಅದೇ ಕ್ರಮ ಬೇಕು. ಮನೆಯಲ್ಲೇ ಕೂತು ಹತ್ತು ನಿಮಿಷ ನೋಡಿದರೆ ಎಷ್ಟೋ ಸಲ ಅಂಗಡಿಗೆ ಬರುವ ಅಗತ್ಯವೇ ಬೀಳುವುದಿಲ್ಲ.

ಮೊದಲು ಯಾವ ಸೌಂಡ್ ಬರುತ್ತಿಲ್ಲ ಅಂತ ಕೇಳಿಕೊಳ್ಳಿ. ಹಾಡಿನದ್ದಾ, ರಿಂಗಿನದ್ದಾ, ಕಾಲ್ ಮಾತಾಡುವಾಗ ಕಿವಿಗೆ ಬರುವುದಾ? ಇವೆಲ್ಲಕ್ಕೂ ಫೋನಿನೊಳಗೆ ಬೇರೆ ಬೇರೆ ವಾಲ್ಯೂಮ್ ಇದೆ. ಸುಮ್ನೆ ಇದ್ದಾಗ ಪಕ್ಕದ ಬಟನ್ ಒತ್ತಿದರೆ ಹೆಚ್ಚಿನ ಫೋನುಗಳಲ್ಲಿ ಹಾಡಿನ ವಾಲ್ಯೂಮ್ ಮಾತ್ರ ಏರುತ್ತದೆ. ಕಾಲ್ ನಡೆಯುತ್ತಿರುವಾಗ ಒತ್ತಿದರೆ ಮಾತ್ರ ಅದೇ ಬಟನ್ ಕಾಲಿನ ಸೌಂಡ್ ಏರಿಸುತ್ತದೆ. "ಫುಲ್ ಇಟ್ಟೀನಿ, ಆದ್ರೂ ಮಾತು ಕೇಳವಲ್ದು" ಅನ್ನುವವರಲ್ಲಿ ಬಹಳ ಮಂದಿ ಹಾಡಿನದ್ದನ್ನು ಫುಲ್ ಮಾಡಿರುತ್ತಾರೆ. ಆಂಡ್ರಾಯ್ಡ್ 14ರಿಂದ ರಿಂಗ್‌ಟೋನ್‌ಗೂ ನೋಟಿಫಿಕೇಶನ್‌ಗೂ ಬೇರೆ ಬೇರೆ ವಾಲ್ಯೂಮ್ ಪಟ್ಟಿ (ಬೆರಳಿನಿಂದ ಎಳೆಯುವ ಗೆರೆ) ಬಂದಿದೆ. ಒಂದನ್ನು ಏರಿಸಿದರೆ ಇನ್ನೊಂದು ತಾನಾಗಿ ಏರುವುದಿಲ್ಲ. ಸೆಟ್ಟಿಂಗ್ಸಿನಲ್ಲಿ ಸೌಂಡ್ ತೆರೆದು ಎಲ್ಲಾ ಪಟ್ಟಿಗಳನ್ನೂ ಒಮ್ಮೆ ನೋಡಿ. ಅಲ್ಲೇ 'ಡು ನಾಟ್ ಡಿಸ್ಟರ್ಬ್' ಆನ್ ಇದೆಯಾ ಅಂತಲೂ ನೋಡಿ. ಅದಕ್ಕೆ ಟೈಮ್ ಕೊಟ್ಟಿದ್ದರೆ ದಿನಾ ಅದೇ ಹೊತ್ತಿಗೆ ರಿಂಗ್ ನಿಂತುಹೋಗುತ್ತದೆ. ಹಳೆಯ ಐಫೋನುಗಳಲ್ಲಿ ಎಡಪಕ್ಕದ ಸಣ್ಣ ಸ್ವಿಚ್ಚು ಕವರ್ ಹಾಕುವಾಗಲೇ ಫೋನಿನ ಬೆನ್ನಿನ ಕಡೆಗೆ ಸರಿದು ಸೈಲೆಂಟ್ ಆಗಿರುತ್ತದೆ.

ಆಮೇಲೆ ಬ್ಲೂಟೂತ್. ಹಾಸಿಗೆಯ ಮೇಲೆ ಬಿದ್ದಿರುವ ನೆಕ್‌ಬ್ಯಾಂಡ್ ಆಫ್ ಆಗದೆ ಉಳಿದಿದ್ದರೆ ಸೌಂಡೆಲ್ಲ ಅಲ್ಲಿಗೇ ಹೋಗುತ್ತಿರುತ್ತದೆ. ಬ್ಲೂಟೂತ್ ಆಫ್ ಮಾಡಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಇಯರ್‌ಫೋನ್ ಹಾಕದಿದ್ದರೂ ಪರದೆಯ ಮೇಲೆ ಹೆಡ್‌ಫೋನ್ ಗುರುತು ಕಾಣುತ್ತಿದ್ದರೆ, ಜ್ಯಾಕಿನ ತೂತಿನಲ್ಲೋ ಚಾರ್ಜಿಂಗ್ ತೂತಿನಲ್ಲೋ ಧೂಳು ಅಥವಾ ತೇವ ಇರಬಹುದು. ಇಯರ್‌ಫೋನನ್ನು ಕೆಲವು ಸಲ ಹಾಕಿ ತೆಗೆದು, ಫೋನ್ ರೀಸ್ಟಾರ್ಟ್ ಮಾಡಿ.

ವಾಟ್ಸಾಪ್ ವಾಯ್ಸ್ ಮೆಸೇಜಿನದ್ದು ಬೇರೆಯದೇ ಕಥೆ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಡು ಜೋರಾಗಿ ಬರುತ್ತದೆ, ರಿಂಗ್ ಆಗುತ್ತದೆ, ವಾಯ್ಸ್ ಮೆಸೇಜ್ ಒತ್ತಿದರೆ ಮಾತ್ರ ಪರದೆ ಕಪ್ಪಾಗಿ ಸೌಂಡ್ ಪಿಸುಗುಟ್ಟಿದಂತೆ ಬರುತ್ತದೆ. ಫೋನ್ ಕಿವಿಯ ಹತ್ತಿರ ಇದೆಯಾ ಅಂತ ನೋಡಲು ಪರದೆಯ ಮೇಲ್ಭಾಗದಲ್ಲಿ ಒಂದು ಸೆನ್ಸರ್ ಇರುತ್ತದೆ. ಕಿವಿ ಹತ್ತಿರ ಬಂದರೆ ವಾಟ್ಸಾಪ್ ಸೌಂಡನ್ನು ಕೆಳಗಿನ ದೊಡ್ಡ ಸ್ಪೀಕರಿನಿಂದ ತೆಗೆದು ಮೇಲಿನ ಕಿವಿ ಸ್ಪೀಕರಿಗೆ ಕೊಡುತ್ತದೆ. ನಾಲ್ಕು ಮಂದಿ ನಡುವೆ ಗುಟ್ಟಿನ ಮಾತು ಕೇಳಲು ಒಳ್ಳೆಯ ಸೌಲಭ್ಯವೇ ಅದು. ಆದರೆ ಸೆನ್ಸರಿನ ಮೇಲೆ ಎಣ್ಣೆ ಕೈಯ ಜಿಡ್ಡು ಕೂತರೂ, ಆ ಮಾಡೆಲಿಗೆ ಹೊಂದದ ಟೆಂಪರ್ಡ್ ಗ್ಲಾಸ್ ಹಾಕಿದ್ದರೂ, ಗ್ಲಾಸಿನ ಅಂಚು ಬಿಟ್ಟು ಒಳಗೆ ಧೂಳು ಹೋಗಿದ್ದರೂ, ಫೋನ್ ಕೈಯಲ್ಲಿದ್ದಾಗಲೂ ಅದಕ್ಕೆ ಕಿವಿ ಬಂದ ಹಾಗೆ ಅನಿಸುತ್ತದೆ. ಒಣ ಬಟ್ಟೆಯಿಂದ ಮೇಲ್ಭಾಗ ಒರೆಸಿ. ಸರಿಹೋಗದಿದ್ದರೆ ಗ್ಲಾಸ್ ತೆಗೆದು ನೋಡಿ. ಇಂಥ ಫೋನಿಗೆ ಸ್ಪೀಕರ್ ಬದಲಿಸಿ ದುಡ್ಡು ತೆಗೆದುಕೊಳ್ಳುವುದು ತಪ್ಪು ಅಂತ ನಾನು ನೇರವಾಗಿಯೇ ಹೇಳುತ್ತೇನೆ.

ಈಗ ಧೂಳಿಗೆ ಬರೋಣ. ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಕಾರಣ ಇಲ್ಲ. ಸ್ಪೀಕರ್ ಅಂದರೆ ಒಂದು ತೆಳು ಪೊರೆ, ಅದಕ್ಕೆ ಅಂಟಿದ ಸಣ್ಣ ಕಾಯಿಲ್ (ತಂತಿಯ ಸುರುಳಿ), ಪಕ್ಕದಲ್ಲಿ ಬಲವಾದ ಅಯಸ್ಕಾಂತ. ನೂಲಿನ ಧೂಳು, ತೌಡು ಜಾಲರಿಯ ಹೊರಗೆ ಮುಚ್ಚಿಕೊಂಡು ಸೌಂಡ್ ಸಣ್ಣದು ಮಾಡುತ್ತವೆ. ಕಬ್ಬಿಣದ ಪುಡಿ ಹಾಗಲ್ಲ, ಅಯಸ್ಕಾಂತ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಪೊರೆಯ ಮೇಲೆ ಪುಡಿ ಕೂತರೆ ಸೌಂಡ್ ಕಡಿಮೆ ಆಗುವುದರ ಜೊತೆಗೆ ಗರ್ ಅಂತ ಒಡೆದು ಬರುತ್ತದೆ. ತೋರಣಗಲ್ಲಿನ ಕಾರ್ಖಾನೆ ಕಡೆ ಕೆಲಸ ಮಾಡುವವರಿಗೆ, ಗ್ರಿಲ್ ಅಂಗಡಿಯವರಿಗೆ ನನ್ನ ಒಂದು ಕೋರಿಕೆ: ಕೆಲಸದ ಹೊತ್ತಿನಲ್ಲಿ ಫೋನನ್ನು ಬೆಂಚಿನ ಮೇಲೆ ಬಿಡಬೇಡಿ, ಮುಚ್ಚಿದ ಜೇಬಿನಲ್ಲೋ ಜಿಪ್ ಚೀಲದಲ್ಲೋ ಇಡಿ.

ಸ್ವಚ್ಛ ಮಾಡಲು ಹೊಸ, ಮೆತ್ತನೆಯ, ಒಣ ಟೂತ್ ಬ್ರಷ್ ಸಾಕು. ಸ್ಪೀಕರ್ ಭಾಗ ಕೆಳಮುಖವಾಗಿ ಹಿಡಿದು ಹಗುರವಾಗಿ ಉಜ್ಜಿ, ಧೂಳು ಒಳಗೆ ಹೋಗದೆ ಕೆಳಗೆ ಉದುರುತ್ತದೆ. ಆಮೇಲೆ ಸೆಲ್ಲೋ ಟೇಪಿನ ಅಂಟಿನ ಭಾಗ ಒತ್ತಿ ಎತ್ತಿ. ಕಬ್ಬಿಣದ ಪುಡಿಗೆ ಟೇಪೇ ಒಳ್ಳೆಯದು. ಪಿನ್ನು, ಸೂಜಿ ಬೇಡವೇ ಬೇಡ. ಬಾಯಿಂದ ಊದಲೂ ಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ. ಕೆಲವರು ಪಂಕ್ಚರ್ ಅಂಗಡಿಗೆ ಹೋಗಿ ಟೈರಿಗೆ ಗಾಳಿ ಹಾಕುವ ಪೈಪಿನಿಂದ ಹೊಡೆಸುತ್ತಾರೆ. ಆ ಒತ್ತಡಕ್ಕೆ ಪೊರೆ ಹರಿದೇ ಹೋಗುತ್ತದೆ, ಅಲ್ಲಿಯವರೆಗೆ ಚೆನ್ನಾಗಿದ್ದ ಸ್ಪೀಕರ್ ಅಲ್ಲಿಗೆ ಮುಗಿಯಿತು. ಪೆಟ್ರೋಲ್, ಥಿನ್ನರ್ ಕೂಡ ಹಚ್ಚಬೇಡಿ, ಒಳಗಿನ ಅಂಟೇ ಬಿಟ್ಟುಹೋಗುತ್ತದೆ.

ನಮ್ಮ ಮಾತು ಆಚೆಯವರಿಗೆ ಕೇಳದಿದ್ದರೆ ಅದು ಮೈಕಿನ ವಿಷಯ. ಹೆಚ್ಚಿನ ಫೋನುಗಳಲ್ಲಿ ಮುಖ್ಯ ಮೈಕ್ ಕೆಳಗೆ, ಚಾರ್ಜಿಂಗ್ ತೂತಿನ ಪಕ್ಕ ಸಣ್ಣ ರಂಧ್ರವಾಗಿ ಇರುತ್ತದೆ. ಎರಡನೆಯದು ಮೇಲೆ ಅಥವಾ ಕ್ಯಾಮೆರಾ ಹತ್ತಿರ. ಸುತ್ತಲಿನ ಗದ್ದಲ ಎಷ್ಟಿದೆ ಅಂತ ಎರಡನೆಯದು ಕೇಳಿಸಿಕೊಳ್ಳುತ್ತದೆ, ಅದನ್ನು ಲೆಕ್ಕ ಹಾಕಿ ಫೋನ್ ನಮ್ಮ ಮಾತಿನಿಂದ ಗದ್ದಲ ಕಳೆಯುತ್ತದೆ. ಹಿಂದಿನ ಕವರ್ ಈ ಎರಡನೇ ರಂಧ್ರ ಮುಚ್ಚಿದರೂ, ಕೆಳಗಿನ ಮೈಕಿಗೆ ಧೂಳು ಕಟ್ಟಿದರೂ ಈ ಲೆಕ್ಕ ತಪ್ಪುತ್ತದೆ. ಮಾತು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಮೊದಲು ಕವರ್ ತೆಗೆದು ಒಂದು ಕಾಲ್ ಮಾಡಿ. ಇನ್ನೊಂದು ಅನಾಹುತ ಸಿಮ್ ಪಿನ್ನಿನದ್ದು. ಸಿಮ್ ಟ್ರೇ ತೆಗೆಯಲು ಹೋಗಿ ಅವಸರದಲ್ಲಿ ಮೈಕಿನ ರಂಧ್ರಕ್ಕೆ ಚುಚ್ಚುತ್ತಾರೆ. ಟ್ರೇ ಇರುವ ಕಡೆ ಅದರ ಗೆರೆ ಕಾಣುತ್ತದೆ. ಗೆರೆ ಇಲ್ಲದ ಒಂಟಿ ರಂಧ್ರಕ್ಕೆ ಏನನ್ನೂ ಹಾಕಬೇಡಿ.

ಮೈಕ್ ಸರಿ ಇದೆಯಾ ಅಂತ ತಿಳಿಯಲು ಫೋನಿನ ರೆಕಾರ್ಡರಿನಲ್ಲಿ ಎರಡು ಮಾತು ರೆಕಾರ್ಡ್ ಮಾಡಿ ಕೇಳಿ. ಅಲ್ಲಿ ಸ್ಪಷ್ಟವಾಗಿದ್ದರೆ ಮೈಕ್ ಒಳ್ಳೆಯದಿದೆ. ಮಾಮೂಲಿ ಕಾಲಿನಲ್ಲಿ ಮಾತ್ರ ತೊಂದರೆ, ವಾಟ್ಸಾಪ್ ಕಾಲಿನಲ್ಲಿ ಇಲ್ಲ ಅಂದರೆ ನೆಟ್‌ವರ್ಕ್ ಕಡೆ ನೋಡಿ. ಬೇರೆ ಜಾಗದಲ್ಲಿ ನಿಂತು, ಸಿಮ್ಮನ್ನು ಬೇರೆ ಫೋನಿಗೆ ಹಾಕಿ ನೋಡಿದರೆ ತಿಳಿಯುತ್ತದೆ.

ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂತಿಡುವ ಅಭ್ಯಾಸ ಇಲ್ಲಿ ಜಾಸ್ತಿ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಸುತ್ತ ಸೋನಾ ಮಸೂರಿಗೆ ಬರವಿಲ್ಲ, ಹಾಗಾಗಿ ಮೊದಲು ಕೈಗೆ ಸಿಗುವುದು ಅದೇ. ಆದರೆ ಅಕ್ಕಿ ಫೋನಿನೊಳಗಿನ ನೀರನ್ನು ಎಳೆದು ತೆಗೆಯುವುದಿಲ್ಲ. ಅದರ ಹುಡಿ ತೇವದ ಜೊತೆ ಸೇರಿ ಜಾಲರಿಗೆ ಅಂಟುತ್ತದೆ. ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಅಂತ ಆಪಲ್ ಕಂಪನಿಯೇ ತನ್ನ ಸೂಚನೆಯಲ್ಲಿ ಹೇಳಿದೆ. ಫೋನ್ ಆಫ್ ಮಾಡಿ, ಚಾರ್ಜಿಗೆ ಹಾಕದೆ, ತೂತುಗಳು ಕೆಳಮುಖವಾಗಿ ಇರುವಂತೆ ಫ್ಯಾನಿನ ಗಾಳಿಗೆ ಇಡಿ. ಬಿಸಿಲಿಗೆ ಇಡಬೇಡಿ. ನಮ್ಮ ಬೇಸಿಗೆಯ ಬಿಸಿಲು ಬ್ಯಾಟರಿಗೆ ಆಗಿಬರುವುದಿಲ್ಲ. ಉಪ್ಪು ನೀರು, ಬಣ್ಣದ ನೀರು, ಸೋಪಿನ ನೀರು ಹೋಗಿದ್ದರೆ ಒಣಗುವವರೆಗೆ ಕಾಯದೆ ಆಫ್ ಮಾಡಿದ ಫೋನನ್ನು ಬೇಗ ಬಿಚ್ಚಿಸಿ.

ವಾಲ್ಯೂಮ್ ಬೂಸ್ಟರ್ ಆ್ಯಪುಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಸ್ಪೀಕರ್ ತಡೆಯುವ ಮಿತಿ ದಾಟಿ ಸೌಂಡ್ ತಳ್ಳಿದರೆ ಕಾಯಿಲ್ ಬಿಸಿಯಾಗುತ್ತದೆ, ಪೊರೆ ಸಡಿಲವಾಗುತ್ತದೆ. ಅಂಥ ಆ್ಯಪ್ ಇದ್ದರೆ ತೆಗೆದು, ಫೋನ್ ರೀಸ್ಟಾರ್ಟ್ ಮಾಡಿ ಕೇಳಿ. ಇಯರ್‌ಫೋನಿನಲ್ಲಂತೂ ಕಿವಿಗೇ ಪೆಟ್ಟು. ದೊಡ್ಡವರಿಗೆ 80 ಡೆಸಿಬೆಲ್ ಸೌಂಡ್ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್ ಅಷ್ಟೇ ಹೊತ್ತು, ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ. ಸೌಂಡ್ ಏರಿದಷ್ಟೂ ಕೇಳಬಹುದಾದ ಹೊತ್ತು ಬೇಗ ಬೇಗ ಕಡಿಮೆಯಾಗುತ್ತದೆ. ದಿನವಿಡೀ ಹೊಲಿಗೆ ಮಿಷನ್ನಿನ ಗದ್ದಲದ ಮೇಲೆ ಹಾಡು ಕೇಳಲು ಫುಲ್ ವಾಲ್ಯೂಮ್ ಇಡುವ ಹುಡುಗರನ್ನು ನೋಡಿದಾಗ ನಿಜವಾಗಿಯೂ ಸಂಕಟವಾಗುತ್ತದೆ.

ಇಷ್ಟೆಲ್ಲ ನೋಡಿಯೂ ಸರಿಹೋಗದಿದ್ದರೆ ಅಂಗಡಿಗೆ ಬನ್ನಿ. ಅದಕ್ಕೂ ಮೊದಲು ಒಂದು ಪರೀಕ್ಷೆ ನೀವೇ ಮಾಡಬಹುದು. ಸ್ಯಾಮ್‌ಸಂಗ್ ಫೋನಿನ ಡಯಲ್ ಪ್ಯಾಡಿನಲ್ಲಿ *#0*# ಒತ್ತಿದರೆ ಪರೀಕ್ಷೆಯ ಪರದೆ ಬರುತ್ತದೆ. ರೆಡ್‌ಮಿ, ಪೋಕೋದಲ್ಲಿ *#*#6484#*#*. ಅಲ್ಲಿ ರಿಸೀವರ್ ಅಂದರೆ ಕಿವಿ ಸ್ಪೀಕರ್, ಸ್ಪೀಕರ್ ಅಂದರೆ ಕೆಳಗಿನದು. ಎರಡನ್ನೂ ಬೇರೆ ಬೇರೆ ಕೇಳಿ ನೋಡಬಹುದು. ಅಂಗಡಿಯಲ್ಲಿ ನಾವು ಮಲ್ಟಿಮೀಟರ್ (ಕರೆಂಟಿಗೆ ಇರುವ ತಡೆಯನ್ನು ಓಮ್ ಲೆಕ್ಕದಲ್ಲಿ ತೋರಿಸುವ ಮೀಟರ್) ಇಟ್ಟು ನೋಡುತ್ತೇವೆ. ರಿಂಗರ್ ಅಂದರೆ ಕೆಳಗಿನ ದೊಡ್ಡ ಸ್ಪೀಕರ್ ಸುಮಾರು 8 ಓಮ್, ಕಿವಿ ಸ್ಪೀಕರ್ ಸುಮಾರು 32 ಓಮ್ ತೋರಿಸಬೇಕು. ಮುಳ್ಳು ಅಲ್ಲಾಡದಿದ್ದರೆ ಕಾಯಿಲ್ ಹೋಗಿದೆ, ಆಗ ಬದಲಿಸಲೇಬೇಕು. ಮೈಕೂ ಚಾರ್ಜಿಂಗೂ ಒಟ್ಟಿಗೆ ಕೆಟ್ಟಿದ್ದರೆ ಕೆಳಗಿನ ಸಬ್ ಬೋರ್ಡ್ (ಚಾರ್ಜಿಂಗ್ ತೂತಿನ ಕಡೆಯ ಸಣ್ಣ ಬೋರ್ಡ್) ಮೇಲೆ ಅನುಮಾನ ಪಡಿ, ಎಷ್ಟೋ ಮಾಡೆಲುಗಳಲ್ಲಿ ಎರಡೂ ಅದರ ಮೇಲೇ ಇರುತ್ತವೆ. ಮೀಟರ್ ತೋರಿಸಿ ಅಂತ ಕೇಳಲು ಸಂಕೋಚ ಬೇಡ. ತೆಗೆದ ಪಾರ್ಟನ್ನೂ ಕೇಳಿ ಪಡೆಯಿರಿ, ಅಂಗಡಿ ಬಿಡುವ ಮೊದಲು ಒಂದು ಕಾಲ್ ಮಾಡಿ ಎರಡೂ ಕಡೆಯ ಮಾತು ಕೇಳಿಸಿಕೊಳ್ಳಿ.

ಎಲ್ಲಾ ಪರೀಕ್ಷೆಯಲ್ಲೂ ಫೋನ್ ಸರಿ ಇದ್ದು, ಮನೆಯ ಅಜ್ಜನಿಗೋ ಅಮ್ಮನಿಗೋ ಮಾತ್ರ ಕೇಳುತ್ತಿಲ್ಲ ಅಂದರೆ ಹೊಸ ಫೋನ್ ಕೊಡಿಸುವ ಮೊದಲು ಅವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ವಯಸ್ಸಾದಂತೆ ಮೊದಲು ಕಡಿಮೆಯಾಗುವುದು ಕೀಚಲು ದನಿ ಕೇಳುವ ಶಕ್ತಿ, ಮಾತು ಕೇಳಿದರೂ ಅಕ್ಷರ ಬಿಡಿಸಿ ತಿಳಿಯುವುದಿಲ್ಲ. ಅಷ್ಟರವರೆಗೆ ಅವರ ಫೋನಿನ ಸೆಟ್ಟಿಂಗ್ಸಿನಲ್ಲಿ ಆ್ಯಕ್ಸೆಸಿಬಿಲಿಟಿ ತೆರೆದು ಮೋನೋ ಆಡಿಯೋ (ಎಡ-ಬಲ ಎರಡೂ ಕಡೆಗೆ ಒಂದೇ ಸೌಂಡ್ ಕೊಡುವುದು) ಆನ್ ಮಾಡಿ, ಎಡ-ಬಲದ ಬ್ಯಾಲೆನ್ಸ್ ನಡುವೆ ಇದೆಯಾ ನೋಡಿ. ರಿಂಗ್ ಆದಾಗ ಫ್ಲ್ಯಾಶ್ ಲೈಟ್ ಮಿನುಗುವ ಸೌಲಭ್ಯ ಇದ್ದರೆ ಅದನ್ನೂ ಹಾಕಿಕೊಡಿ.