ಎಲ್ಲರೂ ರೈಡರ್ ಆದ್ರೆ ಹಿಡಿಯೋರು ಯಾರು?

ಗಣಪತಿ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ನಮ್ಮ ತುಮಕೂರು ಜಿಲ್ಲೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ಇಲ್ಲದ ಶನಿವಾರ ಸಿಗುವುದು ಕಷ್ಟ. ಸಿರಾ, ಮಧುಗಿರಿ, ಗುಬ್ಬಿ, ಕುಣಿಗಲ್, ಎಲ್ಲಾದರೂ ಒಂದು ಕಡೆ ನಡೆಯುತ್ತಲೇ ಇರುತ್ತದೆ. ಪಂದ್ಯಾವಳಿ ಮುಗಿದ ಮರುದಿನದಿಂದ ನನ್ನಂಥ ಕೋಚ್‌ಗಳಿಗೆ ಫೋನ್ ಶುರು. "ಸಾರ್, ನಮ್ ಹುಡ್ಗ ಒಂಬತ್ತನೇ ಕ್ಲಾಸು. ಬೆಸ್ಟ್ ರೈಡರ್ ಕಪ್ ತಂದವ್ನೆ. ಮುಂದಕ್ಕೆ ರೈಡರ್ ಆಗ್ತಾನಾ?" ರೈಡರ್ ಅಂದರೆ ಎದುರು ತಂಡದ ಅಂಕಣಕ್ಕೆ ದಾಳಿಗೆ ಹೋಗುವವನು.

ಕಪ್ ನೋಡಿ ಹೇಳೋಕಾಗಲ್ಲ ಅಂತ ಹೇಳಿದರೆ ಅಪ್ಪನ ಮುಖ ಸಪ್ಪಗಾಗುತ್ತದೆ. ಆದರೂ ಅದೇ ನಿಜ. ಹದಿನಾಲ್ಕನೇ ವಯಸ್ಸಿನಲ್ಲಿ ಹುಡುಗ ಎಷ್ಟು ಪಾಯಿಂಟ್ ತಂದ ಅನ್ನುವುದು ಅವನ ಆಟಕ್ಕಿಂತ ಅವನ ಮೈಕಟ್ಟಿನ ಬಗ್ಗೆ ಜಾಸ್ತಿ ಹೇಳುತ್ತದೆ.

ಇದಕ್ಕೆ ಮೊದಲ ಕಾರಣ ಅಂಕಣದ ಅಳತೆ. ದೊಡ್ಡ ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. 16 ವರ್ಷದೊಳಗಿನ ಸಬ್ ಜೂನಿಯರ್ ಮಕ್ಕಳಿಗೆ 11 ಮೀಟರ್ ಉದ್ದ, 8 ಮೀಟರ್ ಅಗಲ. ಎರಡೂ ಕಡೆ ಒಂದೊಂದು ಮೀಟರ್ ಲಾಬಿ ಇರುತ್ತದಲ್ಲ, ಯಾರನ್ನಾದರೂ ಮುಟ್ಟುವ ತನಕ ಅದು ಲೆಕ್ಕಕ್ಕಿಲ್ಲ. ಅಂದರೆ ಮಕ್ಕಳ ಆಟದಲ್ಲಿ ಏಳು ಜನ ನಿಲ್ಲುವುದು 6 ಮೀಟರ್ ಅಗಲ, ಐದೂವರೆ ಮೀಟರ್ ಆಳದ ಜಾಗದಲ್ಲಿ. ಅಷ್ಟು ಇಕ್ಕಟ್ಟಿನಲ್ಲಿ ಉದ್ದ ಕೈಯ ಹುಡುಗ ಸುಮ್ನೆ ಕೈ ಬೀಸಿದರೂ ಯಾರಿಗೋ ತಗಲುತ್ತದೆ. ಯಾರಾದರೂ ಹಿಡಿದರೂ ಎರಡು ಹೆಜ್ಜೆ ಎಳೆದುಕೊಂಡು ಬಂದರೆ ನಡುಗೆರೆ ಸಿಕ್ಕಿಬಿಡುತ್ತದೆ.

ಇದೇ ಹುಡುಗನನ್ನು ದೊಡ್ಡ ಅಂಕಣಕ್ಕೆ ಬಿಡಿ. ರೈಡರ್ ದಾಟಲೇಬೇಕಾದ ಬಾಕ್ ಲೈನ್ ನಡುಗೆರೆಯಿಂದ 3.75 ಮೀಟರ್ ದೂರ, ಹೆಚ್ಚುವರಿ ಪಾಯಿಂಟ್ ತರುವ ಬೋನಸ್ ಲೈನ್ ಅದರಾಚೆ ಇನ್ನೊಂದು ಮೀಟರ್. ಕಾರ್ನರ್‌ನವರು, ಅಂದರೆ ಸಾಲಿನ ಎರಡು ತುದಿಯಲ್ಲಿ ನಿಂತು ಹಿಡಿಯುವವರು, ಇನ್ನೂ ಹಿಂದೆ ನಿಂತಿರುತ್ತಾರೆ. ಅಲ್ಲಿವರೆಗೆ ಹೋಗಿ, ಮುಟ್ಟಿ, ತಿರುಗಿ ಬರಬೇಕು. ಆಗ ಕೈ ಉದ್ದ ಸಾಲುವುದಿಲ್ಲ, ಕಾಲು ಬೇಕು.

ಎರಡನೆಯದು ಬೆಳವಣಿಗೆ. ಒಂದೇ ತರಗತಿಯಲ್ಲಿ ಒಬ್ಬನಿಗೆ ಮೀಸೆ ಬಂದಿರುತ್ತದೆ, ಪಕ್ಕದವನ ಧ್ವನಿ ಕೂಡ ಒಡೆದಿರುವುದಿಲ್ಲ. ಬೇಗ ಬೆಳೆದವನೇ ಆ ವರ್ಷದ ಹೀರೋ. ಮೂರು ವರ್ಷ ಬಿಟ್ಟು ನೋಡಿದರೆ ಉಳಿದವರೂ ಅವನ ಸಮಕ್ಕೆ ಬಂದಿರುತ್ತಾರೆ. ಅಲ್ಲಿವರೆಗೆ ಬರೀ ಬಲದಲ್ಲಿ ಆಡಿಕೊಂಡು ಬಂದವನಿಗೆ ಬೇರೇನೂ ಗೊತ್ತಿರುವುದಿಲ್ಲ. (ವಯಸ್ಸು ಮುಚ್ಚಿಟ್ಟು ಆಡಿಸುವವರ ಕಥೆ ಬೇರೆ. ಹದಿನೇಳರೊಳಗಿನ ಪಂದ್ಯಕ್ಕೆ ಗಡ್ಡ ಬೋಳಿಸಿಕೊಂಡು ಬಂದವರನ್ನು ನಾವೆಲ್ಲ ನೋಡಿದ್ದೇವೆ.)

ಹಾಗಾದರೆ ನಾನು ನೋಡುವುದೇನು?

ಮೊದಲು ಕಾಲು. ಹುಡುಗ ಅಡ್ಡಡ್ಡ ಓಡುವಾಗ ಕಾಲಿಗೆ ಕಾಲು ಹೆಣೆದುಕೊಳ್ಳುತ್ತದಾ? ಹೆಣೆದುಕೊಂಡರೆ ಆ ಅರೆಗಳಿಗೆಯಲ್ಲಿ ಕಾರ್ನರ್‌ನವನಿಗೆ ಪಾದ ಸಿಕ್ಕ ಹಾಗೆಯೇ. ಟೋ ಟಚ್‌ಗೆ ಕಾಲು ಚಾಚಿದಾಗ ಮೈಭಾರ ಎಲ್ಲಿರುತ್ತದೆ? ಹಿಂದಿನ ಕಾಲ ಮೇಲಿದ್ದರೆ ಚಾಚಿದ ಕಾಲನ್ನು ಎಳೆದುಕೊಳ್ಳಬಹುದು. ಮುಂದಕ್ಕೆ ಬಿದ್ದಿದ್ದರೆ ವಾಪಸ್ ಬರುವುದು ಹಿಡಿಯುವವರ ಮರ್ಜಿ. ಇದನ್ನು ನೋಡಲು ಪಂದ್ಯವೇ ಬೇಡ. ಬೆಳಗಿನ ಅಭ್ಯಾಸದಲ್ಲಿ ಅವನ ಹಿಮ್ಮಡಿಯನ್ನೇ ಹತ್ತು ನಿಮಿಷ ನೋಡಿದರೆ ಸಾಕು. ನೆರೆದ ಜನ ಕೈ ನೋಡಿ ಚಪ್ಪಾಳೆ ತಟ್ಟುತ್ತಾರೆ, ಆಡಿಸುವವರು ಹಿಮ್ಮಡಿ ನೋಡಬೇಕು.

ಆಮೇಲೆ ಕಣ್ಣು. ಇದಕ್ಕೆ ನನ್ನದೊಂದು ಸಣ್ಣ ಪರೀಕ್ಷೆ ಇದೆ. ದಾಳಿ ಮುಗಿಸಿ ನಡುಗೆರೆ ದಾಟಿದ ತಕ್ಷಣ ಆಟ ನಿಲ್ಲಿಸಿ, ಹುಡುಗನನ್ನು ಹಿಂದಕ್ಕೆ ತಿರುಗದ ಹಾಗೆ ನಿಲ್ಲಿಸುತ್ತೇನೆ. "ಅಲ್ಲಿ ಎಷ್ಟು ಜನ ಇದ್ರು? ಯಾರ ಕೈ ಯಾರು ಹಿಡಿದಿದ್ರು? ನೀನು ಬಲಕ್ಕೆ ಹೋದಾಗ ಎಡಗಡೆ ಕವರ್ ಎಷ್ಟು ಮುಂದೆ ಬಂದ?" (ಕವರ್ ಅಂದರೆ ಅಡ್ಡ ನಿಂತು ರೈಡರ್‌ನ ದಾರಿ ಕಟ್ಟುವವನು.) ಹೆಚ್ಚಿನವರು ತಬ್ಬಿಬ್ಬಾಗುತ್ತಾರೆ. ಮುಟ್ಟಿದವನೊಬ್ಬನ ಹೆಸರು ಬಿಟ್ಟು ಇನ್ನೇನೂ ನೆನಪಿರುವುದಿಲ್ಲ. ಪಾವಗಡ ಕಡೆಯ ಒಬ್ಬ ಸಣಕಲು ಹುಡುಗ ಒಂದು ಪಾಯಿಂಟೂ ಇಲ್ಲದೆ ವಾಪಸ್ ಬಂದು, ಏದುಸಿರು ಬಿಡುತ್ತಲೇ ಹೇಳಿದ: "ಆರು ಜನ ಇದ್ರು ಸಾರ್, ಬೋನಸ್ ಇತ್ತು. ಆದ್ರೆ ಕಾರ್ನರ್‌ನೋನು ಮಂಡಿ ಬಗ್ಗಿಸ್ಕೊಂಡು ಅದನ್ನೇ ಕಾಯ್ತಿದ್ದ, ಅದ್ಕೇ ಹೋಗ್ಲಿಲ್ಲ." ಎದುರುಗಡೆ ಆರು ಅಥವಾ ಏಳು ಜನ ಇದ್ದರೆ ಮಾತ್ರ ಬೋನಸ್ ಅನ್ನುವ ನಿಯಮ ಎಲ್ಲರಿಗೂ ಬಾಯಿಪಾಠ. ಆದರೆ ಒಂದು ದಾಳಿಗೆ ಸಿಗುವ 30 ಸೆಕೆಂಡಿನೊಳಗೆ, ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಅನ್ನುತ್ತಾ ತಲೆ ಎಣಿಸುವವರು ಕಡಿಮೆ. ಅಂಥವನಿಗೆ ಮೈ ಬೆಳೆಸಬಹುದು. ಇಲ್ಲದ ಕಣ್ಣನ್ನು ಕೊಡುವುದು ತುಂಬಾ ಕಷ್ಟದ ಕೆಲಸ.

ಮೂರನೆಯದನ್ನು ಯಾರೂ ನೋಡುವುದಿಲ್ಲ. ಎದುರು ತಂಡದ ರೈಡರ್ ಬಂದಾಗ ಈ "ರೈಡರ್" ಏನು ಮಾಡುತ್ತಾನೆ? ನಮ್ಮ ಹಳ್ಳಿ ತಂಡಗಳಲ್ಲಿ ಸ್ಟಾರ್ ಹುಡುಗ ಹಿಂದೆ ಸರಿದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾನೆ. ಔಟ್ ಆಗಬಾರದು ಅಂತ ಅವನ ಮೇಷ್ಟ್ರೇ ಹೇಳಿಕೊಟ್ಟಿರುತ್ತಾರೆ. ಹಾಗೆ ಬೆಳೆದವನು ದೊಡ್ಡ ತಂಡಕ್ಕೆ ಹೋದಾಗ ಒದ್ದಾಡುತ್ತಾನೆ. ಅಲ್ಲಿ ರೈಡರ್‌ಗಳನ್ನೂ ಸಾಮಾನ್ಯವಾಗಿ ಕಾರ್ನರ್ ಪಕ್ಕದ ಇನ್‌ನಲ್ಲೋ ನಡುವಿನ ಸೆಂಟರ್‌ನಲ್ಲೋ ನಿಲ್ಲಿಸುತ್ತಾರೆ. ಕಾರ್ನರ್‌ನವನು ಕಾಲಿಗೆ ಬಿದ್ದ ಕೂಡಲೇ ಬಂದು ಮೇಲೆ ಬೀಳಬೇಕಾದವರು ಅವರೇ.

ಕಾರ್ನರ್‌ಗೂ ಕವರ್‌ಗೂ ಬೇರೆ ಬೇರೆ ಗುಣ ಬೇಕು. ಮೊದಲು ಕೈ ಹಾಕುವವನು ಕಾರ್ನರ್. ಆಂಕಲ್ ಹೋಲ್ಡ್, ಥೈ ಹೋಲ್ಡ್ ಅವನವು. ತಾಳ್ಮೆ ಇರಬೇಕು, ಕಾಯುವ ಚಾಳಿ ಇರಬೇಕು, ಸೊಂಟ ಕೆಳಗಿಳಿಸಿ ಕೂತ ಹಾಗೇ ಸರಿದಾಡುವ ತೊಡೆ ಇರಬೇಕು. ಕವರ್‌ನವನು ಅಡ್ಡ ನಿಲ್ಲುವವನು. ವಾಪಸ್ ಓಡುವ ರೈಡರ್‌ನ ದಾರಿಗೆ ಎದೆ ಕೊಟ್ಟು ಬ್ಲಾಕ್ ಮಾಡಬೇಕು, ಇಲ್ಲಾ ಡ್ಯಾಶ್ ಕೊಟ್ಟು ಗೆರೆಯಾಚೆ ತಳ್ಳಬೇಕು. ಭಾರ ಬೇಕು, ಧೈರ್ಯ ಬೇಕು, ಸಮಯ ಸರಿಯಾಗಿ ಸಿಗಬೇಕು. ಮುಂಗೋಪಿ ಹುಡುಗರನ್ನು ಕಾರ್ನರ್‌ನಲ್ಲಿ ನಿಲ್ಲಿಸಲು ನನಗೆ ಮನಸ್ಸು ಬರುವುದಿಲ್ಲ. ಕವರ್‌ನಲ್ಲಿ ಅವರು ಕೆಲವೊಮ್ಮೆ ಬಂಗಾರ.

ಎಡ ಕಾರ್ನರಾ, ಬಲ ಕಾರ್ನರಾ ಅನ್ನುವುದಕ್ಕೂ ಒಂದು ಸುಲಭದ ದಾರಿ ಇದೆ. ನಡುಗೆರೆಗೆ ಮುಖ ಮಾಡಿ ನಿಂತರೆ ಎಡ ಕಾರ್ನರ್‌ನವನ ಎಡಗಡೆ ಬರೀ ಗೆರೆ. ರೈಡರ್ ಸಿಗುವುದು ಎದುರಿಗೆ, ಇಲ್ಲವೇ ಬಲಕ್ಕೆ. ಹಾಗಾಗಿ ಹುಡುಗನ ಎರಡೂ ಪಕ್ಕ ನೆಲಕ್ಕೆ ಚೆಂಡು ಉರುಳಿಸಿ, ಎಗರಿ ಹಿಡಿ ಅನ್ನುತ್ತೇನೆ. ಯಾವ ಪಕ್ಕಕ್ಕೆ ಯೋಚನೆ ಮಾಡದೆ ಬೀಳುತ್ತಾನೆ ಅಂತ ನೋಡಿದರೆ ಅರ್ಧ ಉತ್ತರ ಸಿಕ್ಕಿತು. ಹಿಡಿತದ ಬಿಗಿ ನೋಡಲು ತಿಪಟೂರು, ಗುಬ್ಬಿ ಕಡೆ ಹುಡುಗರಿಗೆ ಪರೀಕ್ಷೆಯೇ ಬೇಡ. ಮನೆಯಲ್ಲಿ ತೆಂಗಿನಕಾಯಿ ಸುಲಿದು ಬೆಳೆದವರ ಮಣಿಕಟ್ಟು ಕೈ ಕುಲುಕಿದಾಗಲೇ ಗೊತ್ತಾಗುತ್ತದೆ.

"ಆದ್ರೂ ದುಡ್ಡು, ಹೆಸರು ಎಲ್ಲಾ ರೈಡರ್‌ಗೇ ಅಲ್ವಾ ಸಾರ್?" ಅಂತ ಕೇಳುವವರಿದ್ದಾರೆ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಪ್ರೊ ಕಬಡ್ಡಿ ಗೆದ್ದಾಗ ಫೈನಲ್ ಒಂದರಲ್ಲೇ ಪವನ್ ಸೆಹ್ರಾವತ್ 22 ಪಾಯಿಂಟ್ ತಂದರು. ಆ ರಾತ್ರಿಯಿಂದ ನಮ್ಮ ಮಕ್ಕಳೆಲ್ಲ ರೈಡರ್‌ಗಳೇ. ಅದು ತಪ್ಪೂ ಅಲ್ಲ. ಆದರೆ ಆ ಲೀಗಿನ ಹರಾಜಿನಲ್ಲಿ ಮೊದಲ ಸಲ ಒಂದು ಕೋಟಿ ಮುಟ್ಟಿದವರು ಇರಾನಿನ ಫಜಲ್ ಅತ್ರಾಚಲಿ, 2018ರಲ್ಲಿ. ಅವರು ಎಡ ಕಾರ್ನರ್. 2025ರ ಹರಾಜಿನಲ್ಲಿ ಎಲ್ಲರಿಗಿಂತ ಜಾಸ್ತಿ, 2.23 ಕೋಟಿಗೆ ಹೋದವರು ಅದೇ ದೇಶದ ಮೊಹಮ್ಮದ್‌ರೆಜಾ ಶಾದ್ಲೂಯಿ. ಅವರೂ ಎಡ ಕಾರ್ನರ್, ಬೇಕಾದಾಗ ದಾಳಿಗೂ ಹೋಗುತ್ತಾರೆ. ರೈಡರ್ ಆಗಬೇಕು ಅನ್ನುವವರ ಸಾಲು ಉದ್ದ. ಒಳ್ಳೆ ಕಾರ್ನರ್ ಹುಡುಕಿಕೊಂಡು ಬೇರೆ ತಾಲ್ಲೂಕಿನವರು ನಮ್ಮಲ್ಲಿಗೆ ಬರುತ್ತಾರೆ.

ಮ್ಯಾಟ್ ವಿಷಯವನ್ನೂ ಮರೆಯುವ ಹಾಗಿಲ್ಲ. ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿದವನಿಗೆ ಕಾಲು ಸ್ವಲ್ಪ ಜಾರುತ್ತದೆ, ಆ ಜಾರಿಕೆಯಲ್ಲೇ ಎಷ್ಟೋ ಸಲ ತಪ್ಪಿಸಿಕೊಂಡಿರುತ್ತಾನೆ. ಮ್ಯಾಟ್ ಮೇಲೆ ಶೂ ಕಚ್ಚಿಕೊಳ್ಳುತ್ತದೆ. ಗಕ್ಕನೆ ತಿರುಗಿದರೆ ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ಮಂಡಿಗೆ ಪೆಟ್ಟು. ಆದ್ದರಿಂದ ಮಣ್ಣಿನ ಆಟ ನೋಡಿ ತೀರ್ಮಾನ ಬೇಡ. ಮ್ಯಾಟ್ ಮೇಲೆ ಒಂದೆರಡು ತಿಂಗಳು ಆಡಿಸಿ, ಕುಪ್ಪಳಿಸಿ ನಿಲ್ಲುವುದನ್ನು ಕಲಿಸಿ, ಆಮೇಲೆ ನೋಡಬೇಕು.

ಇನ್ನು ತೂಕ. ಇದರ ಬಗ್ಗೆ ನನಗೆ ಸಿಟ್ಟಿದೆ. ಸಬ್ ಜೂನಿಯರ್‌ಗೆ ತೂಕದ ಮಿತಿ ಇದೆ. ಆಯ್ಕೆ ಶಿಬಿರದ ಹಿಂದಿನ ದಿನ ಮಿತಿಗಿಂತ ಎರಡು ಕೆಜಿ ಜಾಸ್ತಿ ತೂಗುವ ಹುಡುಗನಿಗೆ ಊಟ ನಿಲ್ಲಿಸುತ್ತಾರೆ, ನೀರು ನಿಲ್ಲಿಸುತ್ತಾರೆ, ಸ್ವೆಟರ್ ಹಾಕಿಸಿ ಬಿಸಿಲಲ್ಲಿ ಓಡಿಸುತ್ತಾರೆ. ಬೆಳೆಯುವ ಮೈಯಿಂದ ನೀರು ಹಿಂಡಿ ತೂಕ ಇಳಿಸಿದರೆ ಸ್ನಾಯು ಹಿಡಿದುಕೊಳ್ಳುತ್ತದೆ, ತಲೆ ಸುತ್ತುತ್ತದೆ, ಬಿಸಿಲಿಗೆ ಕುಸಿದು ಬೀಳುವುದೂ ಉಂಟು. ಅವತ್ತು ಅವನ ಆಟ ನೋಡಿ ಯಾರು ಏನು ಅಂದಾಜು ಮಾಡಬಹುದು? ದೊಡ್ಡ ಗಂಡಸರ ಮಿತಿ 85 ಕೆಜಿ. ಬೆಳೆಯಲು ಅವನಿಗೆ ಇನ್ನೂ ಬೇಕಾದಷ್ಟು ಜಾಗ ಇದೆ. ಎರಡು ಕೆಜಿಗೋಸ್ಕರ ಉಪವಾಸ ಕೆಡವುವ ಬದಲು ಆ ವರ್ಷದ ಸಬ್ ಜೂನಿಯರ್ ಬಿಟ್ಟು, ಮನೆಯಲ್ಲಿ ಮುದ್ದೆ, ಮೊಟ್ಟೆ, ಕಾಳು ಸರಿಯಾಗಿ ಕೊಡಿ. ನನ್ನ ಹುಡುಗರಿಗೆ ನಾನು ಇದನ್ನೇ ಹೇಳುವುದು. ಕೆಲವು ಅಪ್ಪಂದಿರು ಇದೇ ಕಾರಣಕ್ಕೆ ಮಗನನ್ನು ಬೇರೆ ಕಡೆ ಸೇರಿಸಿದ್ದೂ ಇದೆ.

ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಹುಡುಗನ ಹೆಸರಿನ ಮುಂದೆ ಎರಡು ಸ್ಥಾನ ಬರೆದಿರುತ್ತೇನೆ, ಅದೂ ಪೆನ್ಸಿಲ್‌ನಲ್ಲಿ. ಆರು ತಿಂಗಳಿಗೊಮ್ಮೆ ಎತ್ತರ, ತೂಕ ಅಳೆದಾಗ ಒಮ್ಮೊಮ್ಮೆ ಅಳಿಸಿ ಬರೆಯಬೇಕಾಗುತ್ತದೆ. ಒಂದೇ ವರ್ಷದಲ್ಲಿ ಗೇಣುದ್ದ ಬೆಳೆದವನ ಕಾಲು ಅವನ ಮಾತೇ ಕೇಳುವುದಿಲ್ಲ, ನಿನ್ನೆ ಮೊನ್ನೆವರೆಗೆ ಚುರುಕಾಗಿದ್ದವನು ಎಡವುತ್ತಾನೆ. ಆಗ ಬೈದು ತಂಡದಿಂದ ತೆಗೆಯಬಾರದು. ಮೈ ಹತೋಟಿಗೆ ಬರುವ ತನಕ ದಾಳಿ ಕಡಿಮೆ ಮಾಡಿಸಿ, ಕವರ್‌ನಲ್ಲಿ ನಿಲ್ಲಿಸಿ ನೋಡುತ್ತೇನೆ. ಹದಿನೆಂಟರ ಹತ್ತಿರ ಬೆಳವಣಿಗೆ ನಿಂತ ಮೇಲೆ ಒಂದು ಸ್ಥಾನ ಗಟ್ಟಿ ಮಾಡುವುದು.

ಪಾವಗಡದ ಆ ಸಣಕಲು ಹುಡುಗನ ಅಪ್ಪನೂ ಫೋನ್ ಮಾಡಿದ್ದರು. ಕಪ್ ಇಲ್ಲ, ಪಾಯಿಂಟ್ ಇಲ್ಲ, ಆಟ ಬಿಡಿಸಿ ಟ್ಯೂಷನ್‌ಗೆ ಹಾಕಲಾ ಅಂತ. ಟ್ಯೂಷನ್‌ಗೂ ಹಾಕಿ, ಬೆಳಿಗ್ಗೆ ಆರಕ್ಕೆ ಗ್ರೌಂಡಿಗೂ ಕಳಿಸಿ ಅಂದೆ. ಸದ್ಯಕ್ಕೆ ಅವನ ಹೆಸರಿನ ಮುಂದೆ ಬಲ ಕಾರ್ನರ್, ರೈಡರ್ ಅಂತಿದೆ.